ಅತ್ತೆ ಸೋಸಿದ ನೀರು

ನಮ್ಮ ಸೋದರತ್ತೆ ಒಂದು ತಿಂಗಳು ಕ್ರಿಸ್ತನ ಸೇವೆ ಮಾಡಿ ಬಂದವಳು. ಅದೂ ಹಣೆಯ ವಿಭೂತಿ ಒಂದು ದಿನವೂ ಅಳಿಸದೆ, ಕೊರಳಿನ ಲಿಂಗಕ್ಕೆ ಒಂದು ಹೊತ್ತೂ ಪೂಜೆ ತಪ್ಪಿಸದೆ! ಏಸುವಿನ ಕಥೆ ಹೇಳಲು ಸಮುದ್ರ ದಾಟಿ ಬಂದ ದೊರಸಾನಿಗೇ ಆ ಕಥೆಯಲ್ಲಿ ಎಲ್ಲೆಲ್ಲಿ ತಪ್ಪಿದೆ ಎಂದು ತಿದ್ದಿ ಹೇಳಿದವಳು. ದೊರಸಾನಿ ತನ್ನ ದೇಶಕ್ಕೆ ಬರೆದ ಕಾಗದಗಳಲ್ಲಿ ಏಸುವಿಗಿಂತ ನಮ್ಮತ್ತೆಯ ಸುದ್ದಿಯೇ ಹೆಚ್ಚಿತ್ತೇನೋ ಎಂದು ನನಗೆ ಈಗಲೂ ಗುಮಾನಿ.

ಹೋದ ಸಲ ಬಂದಾಗ ನೀವೆಲ್ಲ ನನ್ನನ್ನು ನೋಡಿ ನಕ್ಕಿರಿ. "ಅಜ್ಜಿ, ಮಶೀನಿನಿಂದ ಶುದ್ಧ ಆಗಿ ಬಂದ ನೀರನ್ನ ಮತ್ತ ಆ ಹಳೇ ಅರಿವಿ ಹಾಕಿ ಸೋಸ್ತೀಯಲ್ಲ, ಯಾಕ?" ಎಂದು ಕೇಳಿದಿರಿ. ನಾಲ್ಕು ಜನ ಒಟ್ಟಿಗೆ ಕೇಳಿದರೆ ನನಗೆ ಉತ್ತರ ಬರುವುದಿಲ್ಲ, ಮೊಮ್ಮಕ್ಕಳಾದರೂ ಅಷ್ಟೇ. ಆದ್ದರಿಂದ ಬರೆಯುತ್ತಿದ್ದೇನೆ. ಊರ ಸಾಲೆಯಲ್ಲಿ ನಾಲ್ಕು ತರಗತಿ ಕಲಿತವಳು ನಾನು. ತಪ್ಪಿದ್ದರೆ ತಿದ್ದಿಕೊಳ್ಳಿ. ತಿದ್ದುವುದು ನಮ್ಮ ಮನೆತನದ ಹೆಂಗಸರಿಗೆ ಹೊಸದಲ್ಲ.

ಅದು ನಿಜಾಮರ ಕಾಲ. ನಮ್ಮೂರು ಯಲಬುರ್ಗಿಯ ಸೀಮೆಯಲ್ಲಿ. ಅತ್ತೆ ಅಪ್ಪನ ಅಕ್ಕ. ಹದಿನೇಳಕ್ಕೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ಅವಳ ಸೊಂಟದಲ್ಲಿ ಯಾವಾಗಲೂ ಎರಡು ಮಡಿಕೆಯ ಒಂದು ದಪ್ಪ ಅರಿವೆ ಸಿಕ್ಕಿಸಿರುತ್ತಿತ್ತು, ನೀರು ಸೋಸುವುದಕ್ಕೆ. ಅವಳ ಅಜ್ಜಿ ಸೋಸುತ್ತಿದ್ದಳಂತೆ, ಅದಕ್ಕೆ ಇವಳೂ ಸೋಸುತ್ತಿದ್ದಳು. ಅಜ್ಜಿ ನೀರನ್ನಷ್ಟೇ ಸೋಸುತ್ತಿದ್ದಳು. ಅತ್ತೆ ಹಾಲು ಸೋಸುವಳು, ಮಜ್ಜಿಗೆ ಸೋಸುವಳು, ಸೋಸಿದ್ದನ್ನು ಇನ್ನೊಮ್ಮೆ ಸೋಸುವಳು. ಹುಲಿಗಿಗೆ ಹೋದಾಗ ಹೊಳೆಯ ದಂಡೆಯಲ್ಲಿ ಕುಳಿತು, ಹರಿಯುವ ತುಂಗಭದ್ರೆಯನ್ನು ಚೊಂಬು ಚೊಂಬಾಗಿ ಸೋಸಿ ನಮಗೆಲ್ಲ ಕುಡಿಸಿದ್ದಳು. ಹಿಂದೆ ನಿಂತ ಜನ, ಇವರಿಗೇನು ಹರಕೆಯಪ್ಪಾ ಎಂದು ನೋಡುತ್ತಿದ್ದರು.

"ಯಕ್ಕಾ, ಹೊಳೀಗೇ ಒಂದು ಅರಿವಿ ಕಟ್ಟಿಬಿಡು, ತ್ರಾಸ ತಪ್ಪತೈತಿ" ಎಂದರು ಅಪ್ಪ.

"ನೀ ನೇಯಿಸಿಕೊಡು ತಮ್ಮಾ, ನಾ ಕಟ್ತೀನಿ" ಎಂದಳು ಅತ್ತೆ. ತಮಾಷೆಗೆ ಅಂದದ್ದಲ್ಲ ಅದು.

ಇಷ್ಟು ಮಾತಿನ ಅತ್ತೆ ಕೆಲವು ಹೊತ್ತು ಮಾತ್ರ ಮನೆಯಲ್ಲಿ ಇದ್ದೂ ಇಲ್ಲದಂತಾಗುತ್ತಿದ್ದಳು. ಅಪ್ಪ ಬಿತ್ತಲಿಕ್ಕೆ ಹೊರಟರೆ ತಾನಾಗಿ ಹಿತ್ತಲಿಗೆ ಹೋಗಿ ನಿಲ್ಲುವಳು. ಹೊರಟವರಿಗೆ ವಿಧವೆಯ ಮುಖ ಎದುರಾಗಬಾರದಲ್ಲ. ತೊಟ್ಟಿಲ ಕಾರ್ಯಕ್ಕೆ ಹೂರಣ ರುಬ್ಬುವವಳು ಅವಳೇ. ಆದರೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಇಟ್ಟು ಹೆಣ್ಣುಮಕ್ಕಳಿಗೆ ಉಡಿ ತುಂಬುವ ಹೊತ್ತಿಗೆ ಅಡಿಗೆಮನೆಯ ಬಾಗಿಲ ಹಿಂದೆ ಹೋಗುವಳು. ಅಲ್ಲಿಂದ ಅವಳ ಸೆರಗಿನ ತುದಿಯಷ್ಟೇ ನಮಗೆ ಕಾಣುತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ನಮ್ಮವ್ವನದು ಬೇರೆ ಹುಚ್ಚು. ಅವಳಿಗೆ ಶಾಸ್ತ್ರವೆಂದರೆ ಶಾಸ್ತ್ರ, ಒಂದು ಎಲೆ ಹೆಚ್ಚಿಲ್ಲ, ಒಂದು ಅಡಿಕೆ ಕಡಿಮೆಯಿಲ್ಲ. ನೆರೆಮನೆಯ ಆರತಿಯಲ್ಲಿ ತಟ್ಟೆ ಅಡ್ಡ ತಿರುಗಿದರೆ ತನ್ನ ಮನೆಯ ಊಟ ಬಿಟ್ಟೆದ್ದು ಹೋಗಿ ಸರಿ ಮಾಡಿ ಬರುವಳು.

ನನಗೆ ಹನ್ನೊಂದು ತುಂಬುವ ಹೊತ್ತಿಗೆ ಎಡಗಾಲಿನ ಹಿಮ್ಮಡಿಯ ಮೇಲೆ ಗುಳ್ಳೆಯೆದ್ದು ಒಡೆಯಿತು. ಒಳಗಿನಿಂದ ಬಿಳಿ ದಾರದಂಥ ಹುಳ ಇಣುಕಿತು. ನಾರುಹುಣ್ಣು! ಮೆಟ್ಟಿಲ ಬಾವಿಯ ನೀರು ಕುಡಿಯುವ ನಮ್ಮ ಕಡೆ ಆಗ ಮನೆಗೊಬ್ಬರು ಇದರಿಂದ ಕುಂಟುತ್ತಿದ್ದರು. ನಮ್ಮ ಮನೆಗೆ ಮಾತ್ರ ಅದು ಕಾಲಿಟ್ಟಿರಲಿಲ್ಲ.

ಅತ್ತೆ ನನ್ನ ಕಾಲು ನೋಡಿದಳು, ಆಮೇಲೆ ಮುಖ ನೋಡಿದಳು. "ಎಲ್ಲಿ ಕುಡದಿ?"

"ಎಲ್ಲಿಲ್ಲ."

"ಖರೇ ಹೇಳು ಕೂಸ. ನಾ ಸೋಸದ ನೀರು ಎಲ್ಲಿ ಕುಡದಿ?"

ಹಿಂದಿನ ವರ್ಷ ಇಟಗಿಯ ಕಡೆ ಒಂದು ಮದುವೆಗೆ ಹೋದಾಗ ಗೆಳತಿಯರ ಜೊತೆ ಬಾವಿಗಿಳಿದು ಬೊಗಸೆಯಲ್ಲಿ ಕುಡಿದದ್ದನ್ನು ಒಪ್ಪಿಕೊಂಡೆ. ಅತ್ತೆ ಬೈಯಲಿಲ್ಲ. ಅವ್ವ ಅತ್ತಳು. "ಕಾಲು ಸೊಟ್ಟಾದರ ಈಕಿನ್ನ ಯಾರು ಮಾಡಿಕೊಂತಾರ?"

ಅದೇ ವಾರ ನಮ್ಮೂರ ಬೇವಿನ ಮರದ ಕೆಳಗೆ ಮಿಶನ್ನಿನ ಡೇರೆ ಬಿತ್ತು. ಒಬ್ಬಳೇ ದೊರಸಾನಿ, ಒಂದು ಔಷಧದ ಪೆಟ್ಟಿಗೆ, ಬಟ್ಟೆಯ ಮೇಲೆ ಬರೆದ ಏಸುವಿನ ಚಿತ್ರಗಳ ಒಂದು ಸುರುಳಿ, ಎರಡು ಬಂಡಿ. ಬಿಸಿಲಿಗೆ ಅವಳ ಮೂಗು ಸುಲಿದು ಗಜ್ಜರಿಯಂತಾಗಿತ್ತು. ಅವಳ ಕನ್ನಡ ಮಾತ್ರ ಪುಸ್ತಕದಿಂದ ಎದ್ದು ಬಂದದ್ದು. ಅಪ್ಪ ನನ್ನನ್ನು ಹೊತ್ತುಕೊಂಡು ಹೋದಾಗ ಅವಳು ನೆಲಕ್ಕೆ ಕುಳಿತು, "ಮಗುವೇ, ನಿನ್ನ ಪಾದವನ್ನು ನನಗೆ ತೋರಿಸುವೆಯಾ?" ಎಂದಳು.

ಅತ್ತೆ ಅಪ್ಪನ ಕಿವಿಯಲ್ಲಿ ಹೇಳಿದಳು. "ಪುರಾಣ ಓದಿದಂಗ ಮಾತಾಡ್ತಾಳ ನೋಡು. ಈಕಿ ಮಜ್ಜಿಗಿ ಕೇಳಿದರೂ ಮಂಗಳಾರತಿ ಮಾಡಬೇಕು ಅನಸ್ತೈತಿ."

ಹುಳವನ್ನು ಎಳೆದರೆ ಹರಿಯುತ್ತದೆ, ಹರಿದರೆ ಕಾಲು ಕೊಳೆಯುತ್ತದೆ, ದಿನಕ್ಕೆ ಒಂದು ಬೆರಳಿನಷ್ಟೇ ಕಡ್ಡಿಗೆ ಸುತ್ತಬೇಕು ಎಂದಳು ದೊರಸಾನಿ. ಅದಕ್ಕೆ ವಾರಗಟ್ಟಲೆ ಬೇಕು. ಅವಳೋ ಎರಡು ದಿನಕ್ಕೆ ಮುಂದಿನ ಊರಿಗೆ ಹೊರಡುವವಳು, ತಿಂಗಳ ನಂತರವೇ ತಿರುಗಿ ಬರುವವಳು. ಆಮೇಲೆ ನಮ್ಮ ಓಣಿಯಲ್ಲಿ ತಿರುಗಾಡಿ ನೋಡಿ ಅತ್ತೆಯನ್ನು ಕೇಳಿದಳು. "ಎಲ್ಲ ಗೃಹಗಳಲ್ಲಿಯೂ ಈ ರೋಗವಿದೆ. ನಿಮ್ಮಲ್ಲಿ ಈ ಮಗುವಿಗೆ ಮಾತ್ರ. ಕಾರಣವೇನು?"

ಅತ್ತೆ ಸೊಂಟದ ಅರಿವೆ ತೆಗೆದು ತೋರಿಸಿದಳು. ದೊರಸಾನಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಳೆದ ತನ್ನ ಒಡವೆ ಸಿಕ್ಕಂತೆ ನೋಡಿದಳು. ಸಮುದ್ರ ದಾಟಿ ಅವಳು ಕಲಿಸಲು ಬಂದದ್ದರಲ್ಲಿ ಅರ್ಧ ಅದೇ ಇತ್ತು. ನನ್ನ ಕಾಲಿನ ಸಲುವಾಗಿ ನಾನು, ನನ್ನ ಕಾವಲಿಗೆ ಅತ್ತೆ, ಹೀಗೆ ಇಬ್ಬರೂ ಬಂಡಿಯಲ್ಲಿ ಬರಬೇಕೆಂದು ಅವಳೇ ಅಪ್ಪನನ್ನು ಬೇಡಿದಳು.

ಅಪ್ಪ ಒಪ್ಪಿದರು. ಅವ್ವ ಹೊಸ್ತಿಲಲ್ಲಿ ನಿಂತು ಅತ್ತೆಗೆ ಹೇಳಿದಳು. "ಅಕ್ಕಾರ, ಮಗಳ ಕಾಲು ಮುಖ್ಯ, ಹೋಗಿಬರ್ರಿ. ಆದರ ಆ ಕಿರಿಸ್ತಾನರ ಕೈಯಿಂದ ಒಂದು ಅಕ್ಕಿಕಾಳು ತಗೊಂಡ್ರಿ ಅಂತ ಸುದ್ದಿ ಬಂದರ, ಈ ಹೊಸ್ತಿಲಾ ತುಳೀಬ್ಯಾಡ್ರಿ. ನಾಳೆ ಈಕಿ ಲಗ್ನ ಮಾಡಬೇಕು ನಾನು."

"ಆತು ಬಿಡು" ಎಂದಳು ಅತ್ತೆ. ಅವಳಿಗೆ ಇದ್ದದ್ದು ಅದೊಂದೇ ಹೊಸ್ತಿಲು.

ಹಾಗೆ ಅತ್ತೆ ಒಲೆಯ ಕಲ್ಲು, ಹಿಟ್ಟಿನ ಗಂಟು, ಎರಡು ಕೊಡ, ಆರು ಅರಿವೆ ಕಟ್ಟಿಕೊಂಡು ಹೊರಟಳು. ದೊರಸಾನಿಯ ಸಾಮಾನಿಗಿಂತ ನಮ್ಮದೇ ಹೆಚ್ಚಾಗಿ, ಕೊನೆಗೆ ದೊರಸಾನಿ ಬಂಡಿಯ ಹಿಂದೆ ನಡೆದಳು.

ಡೇರೆಯಲ್ಲಿ ಮುಂಜಾನೆ ನೋಡಬೇಕಿತ್ತು ನೀವು. ಒಂದು ಮೂಲೆಯಲ್ಲಿ ಅತ್ತೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕುಳಿತಿರುವಳು. ಇನ್ನೊಂದು ಮೂಲೆಯಲ್ಲಿ ದೊರಸಾನಿ ಮೊಳಕಾಲೂರಿ ಕಣ್ಣು ಮುಚ್ಚಿರುವಳು. ಬೆನ್ನಿಗೆ ಬೆನ್ನು. ನಡುವೆ ನಾನು ಕಾಲು ಚಾಚಿಕೊಂಡು, ಇಬ್ಬರು ದೇವರಿಗೂ ಕಾಲು ತೋರಿಸದಂತೆ ಹೇಗೆ ಮಲಗಬೇಕು ಎಂದು ಒದ್ದಾಡುತ್ತಿದ್ದೆ. ನಾಲ್ಕನೆಯ ದಿನ ಅತ್ತೆ ಪೂಜೆಯಿಂದೆದ್ದು ಹೋಗಿ, ಕಂಬಳಿ ಮಡಿಚಿ ದೊರಸಾನಿಯ ಮೊಳಕಾಲ ಕೆಳಗೆ ತುರುಕಿದಳು. "ಮಾತಾಡವ್ವ, ಬೇಕಾದಷ್ಟು ಮಾತಾಡು. ಮೊಳಕಾಲ ಚಿಪ್ಪು ಯಾಕ ಸವಸ್ತಿ?"

ಮಧ್ಯಾಹ್ನ ಚಿತ್ರದ ಸುರುಳಿಯನ್ನು ಮರಕ್ಕೆ ತೂಗುಹಾಕಿ ದೊರಸಾನಿ ಕಥೆ ಹೇಳುವಳು. ಮೊದಲ ಸಾಲಿನಲ್ಲಿ ಅತ್ತೆ. ಏಸು ದಣಿದು ಬಾವಿಯ ಕಟ್ಟೆಗೆ ಕುಳಿತಿದ್ದಾನೆ, ಪರಜಾತಿಯ ಹೆಂಗಸೊಬ್ಬಳು ಕೊಡ ಹಿಡಿದು ಬಂದಿದ್ದಾಳೆ, ಆತ ಅವಳನ್ನು ನೀರು ಕೇಳುತ್ತಾನೆ. ದೊರಸಾನಿ ಮನಸ್ಸು ತುಂಬಿ ಹೇಳುತ್ತಿದ್ದಳು. ಅತ್ತೆ ಕೈಯೆತ್ತಿದಳು. ದೊರಸಾನಿಯನ್ನು ಅವಳು ಬಾಯಿ ಎಂದು ಕರೆಯುತ್ತಿದ್ದಳು, ಅಮ್ಮಾವರು ಅಂದಂತೆ.

"ಬಾಯಿ, ಒಂದು ಕೇಳಲ್ಯಾ? ಆಕಿ ನೀರು ಸೋಸಿ ಕೊಟ್ಟಳೇನು?"

"ಅಕ್ಕಾ, ಅದು ಗ್ರಂಥದಲ್ಲಿ ಬರೆದಿಲ್ಲ."

"ಬರದಿಲ್ಲ ಅಂದ್ರ ಸೋಸಿಲ್ಲ. ಚಿತ್ರದಾಗೂ ಕೊಡದ ಬಾಯಿಗೆ ಅರಿವಿ ಇಲ್ಲ. ದೇವರಂಥಾ ಮನಶಾಗ ಹಂಗ ಕೊಡೂದೇನು?"

ಜನ ಏಸುವನ್ನು ಬಿಟ್ಟು ಕೊಡವನ್ನೇ ನೋಡತೊಡಗಿದರು. ಮರುದಿನ ಮದುವೆಯ ಮನೆಯಲ್ಲಿ ನೀರು ದ್ರಾಕ್ಷಿಯ ಕೆಂಪು ಮದ್ಯವಾದ ಕಥೆ. ಅದಕ್ಕೂ ಅತ್ತೆ ತಲೆಯಲ್ಲಾಡಿಸಿದಳು. "ಛಲೋ ನೀರು ಇದ್ದದ್ದನ್ನ ಸೆರೆ ಮಾಡಿಬಿಟ್ಟನಲ್ಲ. ಆತನ ಅವ್ವ ಆದರೂ ಒಂದು ಮಾತು ಬ್ಯಾಡ ಅನ್ನಬಾರದ?" ಏಸುವಿನ ಅವ್ವನೇ ಹೇಳಿ ಮಾಡಿಸಿದ್ದು ಎಂದು ತಿಳಿದ ಮೇಲೆ ಅತ್ತೆ ಆ ದಿನವೆಲ್ಲ ಬೇಸರದಲ್ಲಿದ್ದಳು.

ಮುಂದಿನ ಊರಿನಲ್ಲಿ ಸುರುಳಿ ಬಿಚ್ಚಿದಾಗ ನಾನು ಕಣ್ಣುಜ್ಜಿಕೊಂಡೆ. ಬಾವಿಯ ಚಿತ್ರದಲ್ಲಿ ಆ ಹೆಂಗಸಿನ ಕೊಡದ ಬಾಯಿಗೆ ನಿಜವಾದ ಅರಿವೆಯ ಚೂರೊಂದನ್ನು ಅಂಟಿಸಲಾಗಿತ್ತು. ದೊರಸಾನಿ ತನ್ನ ಕರವಸ್ತ್ರ ಕತ್ತರಿಸಿದ್ದಳು. ಅತ್ತೆ ಹಿಂತಿರುಗಿ ಜನರಿಗೆಲ್ಲ ಹೇಳಿದಳು. "ಈಗ ಕೇಳ್ರಿ. ಈಗ ಕಥಿ ಸರಿ ಆತು."

ಒಮ್ಮೆ ದೊರಸಾನಿ ಬಹಳ ಅಳುಕುತ್ತ ಕೇಳಿದಳು. "ಅಕ್ಕಾ, ನಿಮಗೆ ಕರ್ತನಲ್ಲಿ ವಿಶ್ವಾಸ ಉಂಟೋ?"

"ಯಾಕಿಲ್ಲ? ಛಲೋ ಮನಶಾ. ರೋಗದವರನ್ನ ಮುಟ್ಟ್ಯಾನ, ಪರಜಾತಿ ಹೆಣಮಗಳ ಕಡೆ ನೀರು ಬೇಡ್ಯಾನ. ಆದರ ನನ್ನ ಕೊರಳಾಗ ಮೊದಲಿಂದ ಒಬ್ಬಾಂವ ಅದಾನ ನೋಡವ್ವ. ಇಬ್ಬರನ್ನ ಸಂಭಾಳಿಸೂದು ನನ್ನ ಕೈಲೆ ಆಗೂದಿಲ್ಲ."

ದೊರಸಾನಿ ನಕ್ಕುಬಿಟ್ಟಳು. ಮತ್ತೆಂದೂ ಕೇಳಲಿಲ್ಲ.

ನಮ್ಮ ಯಲಬುರ್ಗಿ ಸೀಮೆಯ ಮಂಗಳೂರು, ಸಮುದ್ರದ ದಂಡೆಯದಲ್ಲ, ಅದರ ಆಚೆ ಒಂದು ಊರು. ಅಲ್ಲಿ ಓಣಿಗೆ ಹತ್ತು ಜನ ಕುಂಟುತ್ತಿದ್ದರು. ದೊರಸಾನಿ ಹೊತ್ತು ಮೂಡುವಾಗ ಮೆಟ್ಟಿಲ ಬಾವಿಗೆ ಹೋಗಿ ಕೈಮುಗಿದು, "ಸಹೋದರಿಯರೇ, ನೀರನ್ನು ಶೋಧಿಸಿ ಕುಡಿಯಿರಿ" ಎಂದಳು. ಸಹೋದರಿಯರು ಮುಸಿಮುಸಿ ನಕ್ಕು ಕೊಡ ಹೊತ್ತು ಹೋದರು. ಎರಡು ದಿನ ಹೀಗೇ ಆಯಿತು. ಮೂರನೆಯ ದಿನ ಅತ್ತೆ, "ನೀ ಅತ್ತಾಗ ಸರಿ ಬಾಯಿ" ಎಂದು ತಾನು ಮೆಟ್ಟಿಲ ಮೇಲ್ತುದಿಗೆ ನಿಂತಳು.

"ನೀ ಯಾರಬೇ ಹೇಳಾಕಿ? ಬಾವಿ ನಿಮ್ಮಪ್ಪ ತೋಡಿಸ್ಯಾನೇನು?" ಎಂದು ಕೆಳಗಿನಿಂದ ಒಬ್ಬಳು ಕೂಗಿದಳು.

"ಬಾವಿ ನಿಮ್ಮಪ್ಪಂದ ಇರಲಿ ತಂಗಿ. ನಾ ಬರೇ ಇಲ್ಲೆ ನಿಂತಿರತೀನಿ. ಸೋಸಿಕೊಂಡು ಬಂದಾಕಿಗೆ ಬೆನ್ನ ಮಾಡತೀನಿ. ಸೋಸದ ಬಂದಾಕಿಗೆ ಎದುರಿಗೇ ಬರತೀನಿ. ಮುಂಜಾನೆದ್ದು ತುಂಬಿದ ಕೊಡ ಹೊತ್ತು ಈ ಮಾರಿ ನೋಡತೀರೋ, ಅರಿವಿ ಹಾಕ್ಕೊಂತೀರೋ, ನೀವ ನೋಡ್ರಿ."

ಕೆಳಗಿನವರು ತಲೆಯೆತ್ತಿ ನೋಡಿದರು. ಅತ್ತೆಯ ಕುಂಕುಮವಿಲ್ಲದ ಹಣೆ, ಬಳೆಯಿಲ್ಲದ ಕೈ ಎಲ್ಲ ಕಾಣುತ್ತಿದ್ದವಲ್ಲ. ಆಮೇಲೆ ಸೆರಗುಗಳು ಕೊಡದ ಬಾಯಿಗೆ ಬಂದವು. ಬಾಯಿಮಾಡಿದವಳು ಎರಡು ಮಡಿಕೆ ಹಾಕಿದಳು. ಒಬ್ಬೊಬ್ಬಳೇ ತಲೆ ತಗ್ಗಿಸಿ, ದಾರಿ ಬಿಟ್ಟು, ಅತ್ತೆಯ ಬೆನ್ನ ಹಿಂದೆ ಹಾದುಹೋದಳು. ಎಂಟು ದಿನ ಅತ್ತೆ ಹಾಗೆ ನಿಂತಳು. ಊರಿಗೆ ಊರೇ ಸೋಸಿತು.

ಭಾನುವಾರ ದೊರಸಾನಿ ತನ್ನ ದೇಶಕ್ಕೆ ಕಾಗದ ಬರೆದು, ಬರೆದದ್ದನ್ನು ಕನ್ನಡದಲ್ಲಿ ನಮಗೆ ಹೇಳುವಳು. ಆ ಭಾನುವಾರ ಹೇಳಿದಳು. "ಇಲ್ಲಿಯ ಸ್ತ್ರೀಯರು ನಮ್ಮ ಅಕ್ಕನನ್ನು ಕಂಡ ಕೂಡಲೇ ತಲೆ ಬಾಗಿಸಿ ದಾರಿ ಬಿಡುತ್ತಾರೆ. ಇಂಥ ಗೌರವವನ್ನು ನಾನು ಎಲ್ಲಿಯೂ ಕಂಡಿಲ್ಲ, ಎಂದು ಬರೆದಿದ್ದೇನೆ."

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಹಂಗಾರ ಇದನ್ನೂ ಬರಿ. ನಿಮ್ಮವ್ವಗ ನನ್ನ ಶರಣು. ಮಗಳು ಕಡ್ಡಿ ಆಗ್ಯಾಳ, ಹಾಲು ಕುಡಿ ಅಂದ್ರ ಕೇಳೂದಿಲ್ಲ ಅಂತ ಬರಿ." ದೊರಸಾನಿ ಬರೆದಳು.

ಆಮೇಲೆ ರೊಟ್ಟಿ ಬಡಿಯುವಾಗ ಅತ್ತೆ ನನ್ನ ಮುಖ ನೋಡದೆ ಹೇಳಿದಳು. "ಆಕಿಗೆ ಖರೇ ಏನಂತ ಹೇಳಬ್ಯಾಡ ಕೂಸ. ಒಬ್ಬಾಕಿ ಆದರೂ ಹಂಗ ತಿಳಕೊಂಡಿರಲಿ."

ನಾನು ಹೇಳಲಿಲ್ಲ. ಮೊದಲೇ ನನಗೆ ಬಾಯಿಲ್ಲ.

ಇಪ್ಪತ್ತಾರನೆಯ ದಿನ ಹುಳದ ಬಾಲ ಹೊರಬಂತು. ಬಿಚ್ಚಿ ನೋಡಿದರೆ ಒಂದು ಮೊಳಕ್ಕೂ ಉದ್ದ. ದೊರಸಾನಿ ಅದನ್ನು ಸುಡುವ ಮೊದಲು ಅತ್ತೆ ನನಗೊಮ್ಮೆ ತೋರಿಸಿದಳು. "ಒಂದು ಬೊಗಸಿ ನೀರಿಗೆ ಇಷ್ಟು." ಕುಷ್ಟಗಿಯ ಸಂತೆಯ ದಿನ ದೊರಸಾನಿ ಒಬ್ಬಳೇ ಸಂತೆಗೆ ಹೋಗಿ ಏನೋ ಕಟ್ಟಿಸಿಕೊಂಡು ಬಂದು ಪೆಟ್ಟಿಗೆಯಲ್ಲಿ ಬಚ್ಚಿಟ್ಟಳು. ನಮಗೆ ತಿಳಿಯಲಿಲ್ಲ.

ಊರು ಸೇರಿದಾಗ ನಮ್ಮ ಅಂಗಳದ ತುಂಬ ಜನ. ಅತ್ತೆ ಕಿರಿಸ್ತಾನಳಾಗಿದ್ದಾಳೆ ಎಂದು ಯಾರೋ, ಗೌನು ಹಾಕಿಕೊಂಡು ಬರುತ್ತಾಳೆ ಎಂದು ಇನ್ನಾರೋ ಹೇಳಿ, ಎಲ್ಲರೂ ಆ ಗೌನು ನೋಡಲು ಬಂದಿದ್ದರು. ಅತ್ತೆ ಹೋದ ಸೀರೆಯಲ್ಲೇ ಬಂಡಿ ಇಳಿದದ್ದು ನೋಡಿ ಅವರಿಗೆ ನಿರಾಸೆಯಾಯಿತು. ನಾನು ನೆಟ್ಟಗೆ ನಡೆದು ಅವ್ವನ ಹತ್ತಿರ ಹೋದೆ. ಅವ್ವ ನನ್ನ ಹಿಮ್ಮಡಿಯನ್ನು ಮುಟ್ಟಿ ಮುಟ್ಟಿ ನೋಡಿ, ಹೊಸ್ತಿಲ ಆಚೆ ನಿಂತಿದ್ದ ಅತ್ತೆಯನ್ನು ಕೇಳಿದಳು.

"ಮಾತು ನಡಿಸೀರೇನು ಅಕ್ಕಾರ?"

"ಒಂದು ಕಾಳು ಮುಟ್ಟಿಲ್ಲ" ಎಂದಳು ಅತ್ತೆ.

ಅಷ್ಟರಲ್ಲಿ ದೊರಸಾನಿ ಬಂಡಿಯಿಂದ ಒಂದು ಮೊರ ಹಿಡಿದು ಬಂದಳು. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಬಾಳೆಹಣ್ಣು, ಎಲೆ ಅಡಿಕೆ, ಮೇಲೊಂದು ಕೆಂಪು ಖಣ. ಯಾವುದೋ ಊರಿನಲ್ಲಿ ಮಗಳನ್ನು ಕಳಿಸುವ ಶಾಸ್ತ್ರ ನೋಡಿದ್ದಳು. ಯಾರಿಗೆ ತುಂಬುತ್ತಾರೆ, ಯಾರಿಗೆ ಇಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬಹುದಾಗಿದ್ದವಳು ನಾನೊಬ್ಬಳೇ.

"ಅಕ್ಕಾ, ತಾವು ಉಡಿಯನ್ನು ಒಡ್ಡಬೇಕು" ಎಂದಳು.

ಅಪ್ಪ ಮಾಳಿಗೆಯ ತೊಲೆ ಎಣಿಸತೊಡಗಿದರು. ಅತ್ತೆಯ ಕೈ ತಾನಾಗಿ ಸೆರಗಿಗೆ ಹೋಯಿತು. ಹೋಗಿ ಅರ್ಧಕ್ಕೆ ನಿಂತಿತು. ಅವಳು ಅವ್ವನ ಕಡೆ ನೋಡಿದಳು. ಬೇಡುವ ನೋಟವಲ್ಲ ಅದು, ಅಡಿಗೆಮನೆಯ ಬಾಗಿಲು ಎಲ್ಲಿದೆ ಎಂದು ಹುಡುಕುವ ನೋಟ.

ದೊರಸಾನಿಗೆ ಇದೊಂದೂ ಗೊತ್ತಿಲ್ಲ. ಅರ್ಧ ತೆರೆದ ಸೆರಗಿಗೆ ಒಂದು ಬೊಗಸೆ ಅಕ್ಕಿ ಸುರಿದು, ಮುಗಿಯಿತೆಂದು ಕೊಬ್ಬರಿಗೆ ಕೈಹಾಕಿದಳು.

"ನಿಂದರ್ರಿ ಬಾಯಿ."

ಅವ್ವನ ದನಿ. ಎಲ್ಲರೂ ತಿರುಗಿದರು. ಅವ್ವ ಹೊಸ್ತಿಲು ದಾಟಿ ದರದರ ಬಂದಳು. ಅವಳ ಮುಖ ಕೆಂಪಾಗಿತ್ತು.

"ಒಂದ ಸಲಕ್ಕ ಮುಗೀತೇನ್ರಿ? ಐದು ಸಲ ಹಾಕಬೇಕು. ಖಣ ಮೊದಲ ಇಡಬೇಕು, ಮ್ಯಾಲೆ ಅಕ್ಕಿ. ಮಾಡಿದರ ನೆಟ್ಟಗ ಮಾಡಬೇಕು, ಇಲ್ಲಾಂದ್ರ ಮಾಡಬಾರದು." ಅಂದವಳೇ ಅತ್ತೆಯ ಸೆರಗಿನ ಎರಡೂ ತುದಿ ತಾನೇ ಬಿಗಿಯಾಗಿ ಹಿಡಿದಳು. "ಹಾಕ್ರಿ. ಎಣಿಸಿ ಹಾಕ್ರಿ."

ದೊರಸಾನಿ ಪುಸ್ತಕದ ಕನ್ನಡದಲ್ಲಿ ಎಣಿಸಿ ಐದು ಸಲ ಹಾಕಿದಳು. ಅತ್ತೆ ತಲೆ ತಗ್ಗಿಸಿ ನಿಂತಿದ್ದಳು. ಜನ ಮುಖಮುಖ ನೋಡಿಕೊಂಡರು. ಆದರೆ ಶಾಸ್ತ್ರದ ವಿಷಯದಲ್ಲಿ ನಮ್ಮವ್ವನಿಗೆ ಎದುರು ಹೇಳುವವರು ಆ ಊರಿನಲ್ಲಿ ಯಾರಿದ್ದರು?

ದೊರಸಾನಿಯ ಬಂಡಿ ಹೋದ ಮೇಲೆ ಅವ್ವ, "ಹೊರಗ ಯಾಕ ನಿಂತೀರಿ ಅಕ್ಕಾರ? ಒಲಿ ಮ್ಯಾಲೆ ಅನ್ನ ಐತಿ" ಎಂದು ಒಳಗೆ ಹೋದಳು.

ಮರುದಿನ ಮುಂಜಾನೆ ಅಪ್ಪ ಚೊಂಬಿನಲ್ಲಿ ನೀರು ಬಗ್ಗಿಸಿಕೊಂಡು ಬೆಚ್ಚಿಬಿದ್ದರು. ನೀರು ಕೆಂಪಗಿತ್ತು! ಕೊಡದ ಬಾಯಿಗೆ ಆ ಹೊಸ ಖಣ ಕಟ್ಟಿತ್ತು. ಕುಪ್ಪಸ ಹೊಲಿಸಿ ಅತ್ತೆ ತೊಡುವ ಹಾಗಿರಲಿಲ್ಲ, ಪೆಟ್ಟಿಗೆಯಲ್ಲಿಡಲು ಮನಸ್ಸಿರಲಿಲ್ಲ.

"ಇದೇನ ಯಕ್ಕಾ ನೀರು?"

"ಆ ಮದವಿಮನ್ಯಾಗ ನೀರು ಕೆಂಪ ಆಗಿತ್ತಂತಲ್ಲ ತಮ್ಮಾ. ನಮ್ಮನ್ಯಾಗೂ ಆಗೈತಿ. ಕುಡಿ, ಇದು ಸೋಸಿದ್ದು."

ಬಣ್ಣ ಬಿಡುವುದು ನಿಲ್ಲುವ ತನಕ ನಮ್ಮ ಮನೆಯವರೆಲ್ಲರ ನಾಲಿಗೆ ಎಲೆ ಅಡಿಕೆ ಹಾಕಿದಂತೆ ಕೆಂಪಾಗಿತ್ತು. ಅವ್ವನೂ ಕುಡಿದಳು.

ಮುಂದಿನದು ನಿಮಗೆ ಅರ್ಧ ಗೊತ್ತು. ನನ್ನ ಲಗ್ನವಾಯಿತು, ನಿಮ್ಮಪ್ಪ ಹುಟ್ಟಿದ. ಅವ್ವ, ಅಪ್ಪ ಹೋದರು, ಅತ್ತೆ ನನ್ನ ಮನೆಗೇ ಬಂದು ಉಳಿದಳು. ಬಹಳ ವರ್ಷಗಳ ಮೇಲೆ ನಿಮ್ಮಜ್ಜನೂ ಹೋದರು. ಅವರು ಹೋದ ಆರನೆಯ ತಿಂಗಳಿಗೆ ನಮ್ಮ ಮನೆಯಲ್ಲೊಂದು ತೊಟ್ಟಿಲ ಕಾರ್ಯ ನಡೆಯಿತು. ಉಡಿ ತುಂಬುವ ಹೊತ್ತಿಗೆ ನಾನು ಯಾರೂ ಹೇಳದೆ ಎದ್ದು ಅಡಿಗೆಮನೆಯ ಬಾಗಿಲ ಹಿಂದೆ ಹೋಗಿ ನಿಂತೆ.

ಅಲ್ಲಿಗೇ ಬಂದಳು ಅತ್ತೆ. ಬೆನ್ನು ಬಾಗಿತ್ತು, ಕೋಲೂರಿಕೊಂಡಿದ್ದಳು. ಸೊಂಟದಿಂದ ಆ ಖಣ ತೆಗೆದಳು. ಸೋಸಿ ಸೋಸಿ ಅದರ ಕೆಂಪು ಹೋಗಿ ಅರಿವೆಯಷ್ಟೇ ಉಳಿದಿತ್ತು. "ಸೆರಗು ಹಿಡಿ" ಎಂದಳು.

"ಅತ್ತಿ, ಬ್ಯಾಡ. ಮಂದಿ ನೋಡ್ತಾರ."

"ನೋಡಲಿ. ಹಿಡಿ."

ಮೊದಲು ಖಣ ಇಟ್ಟಳು. ಅಕ್ಕಿಯ ಡಬ್ಬಿಗೆ ಕೈಹಾಕಿ, ಬೊಗಸೆಯಲ್ಲಿ ಎಣಿಸುತ್ತ ಹಾಕತೊಡಗಿದಳು. ಒಂದು. ಎರಡು. ಮೂರು. ನಾಲ್ಕಕ್ಕೆ ಉಸಿರು ಹತ್ತಿ ನಿಂತಳು, ಬಾಗಿಲು ಹಿಡಿದುಕೊಂಡಳು. ಸಾಕು ಅತ್ತಿ, ಎಂದೆ.

"ಸಾಕೇನು? ನಿಮ್ಮವ್ವ ಬೈತಾಳ" ಎಂದು ಮತ್ತೆ ಡಬ್ಬಿಗೆ ಕೈ ಹಾಕಿದಳು.